ಮಂಡಿನೋವಿನ ಅಮ್ಮನ ಜೊತೆ ಕಾಶಿಯಲ್ಲಿ ಐದು ದಿನ

ನಮ್ಮ ಮನೆಯ ದೇವರ ಕೋಣೆಯಲ್ಲಿ ಒಂದು ಪುಟ್ಟ ತಾಮ್ರದ ಗಿಂಡಿ ಇತ್ತು. ಅಜ್ಜಿ ಕಾಶಿಯಿಂದ ತಂದದ್ದು, ಬಾಯಿಗೆ ಬೆಸುಗೆ ಹಾಕಿಸಿದ್ದು. ಎರಡು ವರ್ಷದ ಹಿಂದೆ ಅಪ್ಪನ ಕೊನೆಯ ರಾತ್ರಿ ಅದರ ಬಾಯಿ ಬಿಡಿಸಿ ಎರಡು ಉದ್ಧರಣೆ ನೀರು ಅವರ ತುಟಿಗೆ ಬಿಟ್ಟೆವು. ಅವತ್ತಿನಿಂದ ಗಿಂಡಿ ಖಾಲಿ. "ಮನೇಲಿ ಗಂಗೆ ಇಲ್ಲ ಕಣೇ" ಅಂತ ಅಮ್ಮ ಹಬ್ಬಹಬ್ಬಕ್ಕೂ ನೆನೆಸಿಕೊಳ್ಳುತ್ತಿದ್ದಳು. ಹೋಗೋಣ ಅಂತ ನಾನು ಹೇಳಿದಾಗ ಅವಳಿಗೆ 71, ಎರಡೂ ಮಂಡಿ ಸವೆದಿದ್ದವು. ನಾವಿಬ್ಬರೂ ಕಾಶಿ ನೋಡಿದವರಲ್ಲ.

ಸುದ್ದಿ ತಿಳಿದ ಕೂಡಲೇ ನೆಂಟರೆಲ್ಲ ಪಟ್ಟಿ ಕೊಟ್ಟರು. ಇಷ್ಟು ದೇವಸ್ಥಾನ, ಇಷ್ಟು ಘಾಟು, ಪ್ರಯಾಗ, ಗಯೆ, ಸಾಧ್ಯವಾದರೆ ಅಯೋಧ್ಯೆ. ಸೋದರಮಾವ ಕಾಶಿಯಾತ್ರೆಯ ವಿಶೇಷ ರೈಲಿನಲ್ಲೇ ಹೋಗಿ ಅಂದರು. 2022ರ ನವೆಂಬರಿನಲ್ಲಿ ಶುರುವಾದ ರೈಲು ಅದು. ಆಗ ರಾಜ್ಯ ಸರ್ಕಾರ ತಲಾ 5,000 ರೂಪಾಯಿ ಸಹಾಯಧನ ಕೊಟ್ಟಿತ್ತು. ಒಬ್ಬರೇ ಹೊರಡುವ ಹಿರಿಯರಿಗೆ ಅದು ನಿಜಕ್ಕೂ ಒಳ್ಳೆಯ ದಾರಿ. ಆದರೆ ಗುಂಪಿನ ವೇಗಕ್ಕೆ ಅಮ್ಮನ ಕಾಲು ಬರುವುದಿಲ್ಲ. ಮೈಸೂರಿನಿಂದ ನೇರ ರೈಲೂ ಇದೆ, ದಾರಿಯಲ್ಲೇ ಎರಡು ದಿನ. ಬೆಂಗಳೂರಿನಿಂದ ವಿಮಾನಕ್ಕೆ ಎರಡೂವರೆ ಗಂಟೆ. ಉಳಿತಾಯ ಬೇರೆಡೆ ಮಾಡೋಣ ಅಂತ ವಿಮಾನವನ್ನೇ ಹಿಡಿದೆ.

ನೆಂಟರ ಪಟ್ಟಿಯನ್ನು ಮಡಿಸಿಟ್ಟು ನಕ್ಷೆ ಬಿಡಿಸಿದೆ. ಗಂಗೆ ಇಲ್ಲಿ ಬಿಲ್ಲಿನ ಹಾಗೆ ಬಾಗಿ ಉತ್ತರಕ್ಕೆ ಹರಿಯುತ್ತದೆ. ಊರು ಇರುವುದು ಎತ್ತರದ ಪಶ್ಚಿಮ ದಡದಲ್ಲಿ ಮಾತ್ರ, ಎದುರು ದಡ ಬರೀ ಮರಳು. ದಕ್ಷಿಣದ ಅಸ್ಸಿಯಿಂದ ಉತ್ತರದ ರಾಜಘಾಟ್ ಕಡೆಗೆ 84 ಘಾಟುಗಳು ಸಾಲಾಗಿವೆ. ಊರಿಂದ ನೀರಿಗೆ ಇಳಿಯಬೇಕಾದರೂ ನೀರಿಂದ ಊರಿಗೆ ಹತ್ತಬೇಕಾದರೂ ಮೆಟ್ಟಿಲೇ ಗತಿ. ಅಲ್ಲಿಗೆ ನನಗೆ ಲೆಕ್ಕ ಸಿಕ್ಕಿತು. ಕಾಶಿಗೆ ವಯಸ್ಸಾದವರನ್ನು ಕರೆದೊಯ್ಯುವಾಗ ದೇವಸ್ಥಾನ ಎಣಿಸಬಾರದು, ಮೆಟ್ಟಿಲು ಎಣಿಸಬೇಕು. ದಿನಕ್ಕೆ ಒಂದು ಸಲ ಇಳಿಯುವುದು, ಒಂದು ಸಲ ಹತ್ತುವುದು, ಅಷ್ಟೇ. ಮಿಕ್ಕದ್ದೆಲ್ಲ ದೋಣಿಯಲ್ಲಿ, ಇಲ್ಲವೇ ಇ-ರಿಕ್ಷಾದಲ್ಲಿ.

ಎರಡನೆಯ ಲೆಕ್ಕ ನೀರಿನದು. ಮಳೆಗಾಲದಲ್ಲಿ ಘಾಟುಗಳು ಮುಳುಗುತ್ತವೆ. ಒಂದು ಘಾಟಿನಿಂದ ಇನ್ನೊಂದಕ್ಕೆ ದಡದಲ್ಲಿ ನಡೆಯಲಾಗುವುದಿಲ್ಲ, ದೋಣಿ ನಿಲ್ಲಿಸುತ್ತಾರೆ, ಆರತಿ ಮಾಳಿಗೆಯ ಮೇಲಕ್ಕೆ ಹೋಗುತ್ತದೆ. ಇಲ್ಲಿ ಗಂಗೆಯ ಅಪಾಯದ ಮಟ್ಟ 71.26 ಮೀಟರ್, 1978ರ ಮಹಾಪೂರದಲ್ಲಿ 73.90 ಮುಟ್ಟಿತ್ತು. ನೆರೆ ಇಳಿದ ಮೇಲೂ ಮೆಟ್ಟಿಲ ಮೇಲೆ ಆಳೆತ್ತರದ ಮಡ್ಡಿ ಕೂತಿರುತ್ತದೆ. ಪಂಪಿನ ನೀರು ಹಾಯಿಸಿ ಅದನ್ನು ಮತ್ತೆ ನದಿಗೇ ತಳ್ಳಲು ವಾರಗಟ್ಟಲೆ ಬೇಕು. ಹಾಗಾಗಿ ಅಕ್ಟೋಬರ್ ಮೊದಲಲ್ಲಿ ಹೋದರೆ ಕೆಸರು, ಡಿಸೆಂಬರ್ ಕೊನೆಯಲ್ಲಿ ಹೋದರೆ ಮಂಜು.

ಅಮ್ಮನಿಗೆ ಬೇಕಿದ್ದದ್ದು ಕಾರ್ತಿಕ ಮಾಸ. ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ಕಾರ್ತಿಕ ದೀಪಾವಳಿಯ ಅಮಾವಾಸ್ಯೆ ಕಳೆದ ಮೇಲೆ ಹುಟ್ಟುತ್ತದೆ. ಉತ್ತರದವರ ಕಾರ್ತಿಕ ಅದಕ್ಕೆ ಹದಿನೈದು ದಿನ ಮೊದಲೇ ಹುಟ್ಟಿ ಹುಣ್ಣಿಮೆಗೆ ಮುಗಿದುಹೋಗುತ್ತದೆ. ಎರಡೂ ಕಡೆ ಕಾರ್ತಿಕವಾಗಿರುವುದು ದೀಪಾವಳಿಯಿಂದ ಹುಣ್ಣಿಮೆಯವರೆಗಿನ ಒಂದೇ ಪಕ್ಷ. ಅದರೊಳಗೆ ಷಷ್ಠಿಗೆ ಛಠ್ ಪೂಜೆ, ಹುಣ್ಣಿಮೆಗೆ ದೇವ ದೀಪಾವಳಿ. ಎರಡಕ್ಕೂ ಘಾಟಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇವೆರಡರ ನಡುವಿನ ಐದು ದಿನ ಹಿಡಿದೆ.

ಮೊದಲ ದಿನ, ಶನಿವಾರ

ಬಾಬತ್‌ಪುರದ ವಿಮಾನ ನಿಲ್ದಾಣದಿಂದ ಊರಿಗೆ ಸುಮಾರು 25 ಕಿಲೋಮೀಟರ್. ಕೇದಾರ ಘಾಟಿನ ಹತ್ತಿರ ಒಂದು ವಸತಿಗೃಹದಲ್ಲಿ ಕೋಣೆ ಹೇಳಿದ್ದೆ. "ಕಾರಿನಿಂದ ಎರಡೇ ನಿಮಿಷ" ಅಂದಿದ್ದರು. ಎರಡು ನಿಮಿಷವೇನೋ ನಿಜ, ಆದರೆ ಗಲ್ಲಿ ಮುಗಿದ ಮೇಲೆ ಮೂರು ಅಂತಸ್ತಿನ ಕಡಿದಾದ ಮೆಟ್ಟಿಲಿತ್ತು. ಅಮ್ಮ ಎರಡನೆಯ ಮೆಟ್ಟಿಲಲ್ಲೇ ನಿಂತಳು. ಮುಂಗಡ ಬಿಟ್ಟು, ಸೋನಾರ್‌ಪುರದ ಮುಖ್ಯರಸ್ತೆಗೆ ತಾಗಿದ ಒಂದು ಮನೆಯ ನೆಲಮಹಡಿಗೆ ಸಾಮಾನು ಸಾಗಿಸಿದೆವು. ಕೋಣೆ ಕಾದಿರಿಸುವಾಗ ಕೇಳಬೇಕಾದ ಪ್ರಶ್ನೆ ದೂರದ್ದಲ್ಲ. ಎಷ್ಟು ಮೆಟ್ಟಿಲು, ಎಷ್ಟನೆಯ ಮಹಡಿ ಅನ್ನುವುದು. ನದಿ ಕಾಣುವ ಕೋಣೆ ಅಂದರೆ ಬಹುಪಾಲು ಮೆಟ್ಟಿಲ ಕೋಣೆ ಅಂತಲೇ ಅರ್ಥ.

ಈ ದಕ್ಷಿಣದ ಭಾಗ ಹಿಡಿದದ್ದಕ್ಕೆ ಕಾರಣವಿತ್ತು. ಹನುಮಾನ್ ಘಾಟಿನಿಂದ ಕೇದಾರ ಘಾಟಿನವರೆಗೆ ನಮ್ಮ ಕಡೆಯವರ ವಾಸ ಹಿಂದಿನಿಂದಲೂ ಇದೆ. ಬಾಗಿಲ ಮುಂದೆ ರಂಗೋಲಿ ಕಾಣುತ್ತದೆ, ಬೆಳಿಗ್ಗೆ ಇಡ್ಲಿ ಸಿಗುತ್ತದೆ, ತಮಿಳು ತೆಲುಗು ಕಿವಿಗೆ ಬೀಳುತ್ತಿರುತ್ತವೆ. ಹಿಂದಿ ಬಾರದ ಅಮ್ಮನಿಗೆ ಇದು ಊಟಕ್ಕಿಂತ ದೊಡ್ಡ ಧೈರ್ಯ.

ಸಂಜೆ ಆರತಿಗೆ ಹೋಗಲಿಲ್ಲ. ಕೇದಾರೇಶ್ವರನ ದರ್ಶನ ಮಾಡಿ ಘಾಟಿನ ಮೇಲಿನ ಮೆಟ್ಟಿಲಲ್ಲೇ ಕೂತೆವು. ಇಲ್ಲಿ ಮೆಟ್ಟಿಲಿಗೂ ಗೋಡೆಗೂ ಕೆಂಪು ಬಿಳಿ ಪಟ್ಟೆ. "ನಮ್ಮೂರ ಗುಡಿ ಗೋಡೆ ಹಾಗೇ ಸುಣ್ಣ ಕೆಮ್ಮಣ್ಣು ಬಳಿದಿದ್ದಾರೆ ನೋಡು" ಅಂತ ಅಮ್ಮ ಗೋಡೆ ಮುಟ್ಟಿ ನೋಡಿದಳು. ಗಂಗೆಯನ್ನು ಅವಳು ಮೊದಲು ಕಂಡದ್ದು ಕತ್ತಲಾಗುವ ಹೊತ್ತಲ್ಲಿ, ಬೂದು ಬಣ್ಣದಲ್ಲಿ. ಕೈ ಮುಗಿದಳು, ಮಾತಾಡಲಿಲ್ಲ. ಒಂದು ಗಂಟೆ ಕೂತಿದ್ದು ಎದ್ದು ಬಂದೆವು. ಮೊದಲ ದಿನಕ್ಕೆ ಅಷ್ಟು ಸಾಕು.

ಎರಡನೆಯ ದಿನ, ಭಾನುವಾರ

ಈ ದಿನಕ್ಕಾಗಿಯೇ ಕಾಶಿಗೆ ಹೋಗಬೇಕು.

ಬೆಳಗಿನ ಐದೂವರೆಗೆ ಇ-ರಿಕ್ಷಾ ಹಿಡಿದು ಅಸ್ಸಿಗೆ ಹೋದೆವು. ಹಿಂದಿನ ಸಂಜೆಯೇ ಒಬ್ಬ ನಾವಿಕನ ಜೊತೆ ಹುಟ್ಟುದೋಣಿಗೆ ಮಾತಾಡಿಕೊಂಡಿದ್ದೆ: ಅಸ್ಸಿಯಿಂದ ಪಂಚಗಂಗಾ ಘಾಟಿನವರೆಗೆ, ಮತ್ತೆ ಕೇದಾರಕ್ಕೆ ವಾಪಸ್. ಯಂತ್ರದ ದೋಣಿ ಬೇಗ ಹೋಗುತ್ತದೆ, ಅದೇ ಅದರ ದೋಷ. ಅಸ್ಸಿಯಿಂದ ಹೊರಟರೆ ಹೊಳೆಯ ಸೆಳವೇ ಉತ್ತರಕ್ಕೆ ಒಯ್ಯುತ್ತದೆ, ಹುಟ್ಟು ಹಾಕುವವನಿಗೂ ಆಯಾಸವಿಲ್ಲ. ಊರು ಪೂರ್ವಕ್ಕೆ ಮುಖ ಮಾಡಿರುವುದರಿಂದ ಸೂರ್ಯ ಮರಳದಡದ ಮೇಲೆ ಎದ್ದ ಕೂಡಲೇ ಅಷ್ಟೂ ಕಲ್ಲು ಒಮ್ಮೆಗೇ ಬಣ್ಣಕ್ಕೆ ತಿರುಗುತ್ತದೆ. ಹತ್ತಿರದ ಚುನಾರಿನ ಮರಳುಗಲ್ಲು, ಜೇನಿನ ಬಣ್ಣ.

ತುಲಸಿ ಘಾಟ್ ಬಂತು, ತುಲಸೀದಾಸರು ಇದ್ದ ಜಾಗ. ಸುಪಾರ್ಶ್ವನಾಥ ತೀರ್ಥಂಕರರು ಹುಟ್ಟಿದರೆಂದು ನಂಬುವ ಜೈನ ಘಾಟ್ ಬಂತು. ಆಮೇಲೆ ಕಾಶಿಯ ರಾಜ ಚೇತ್‌ಸಿಂಗನ ಕೋಟೆ. 1781ರಲ್ಲಿ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಹಣಕ್ಕಾಗಿ ರಾಜನನ್ನು ಇಲ್ಲಿ ಸೆರೆಯಲ್ಲಿಟ್ಟಾಗ ಊರಿನ ಜನ ತಿರುಗಿಬಿದ್ದರು. ರಾಜ ನದಿಯ ಕಡೆಯಿಂದ ತಪ್ಪಿಸಿಕೊಂಡ, ಕೊನೆಗೆ ಹೇಸ್ಟಿಂಗ್ಸನೇ ಚುನಾರಿಗೆ ಓಡಬೇಕಾಯಿತು. ಎತ್ತರದ ಆ ಬೋಳು ಗೋಡೆಯನ್ನು ನೀರಿನಿಂದ ನೋಡಿದಾಗ ಮಾತ್ರ ಆ ಕಥೆ ಅರ್ಥವಾಗುತ್ತದೆ.

ಹನುಮಾನ್ ಘಾಟ್ ದಾಟಿದ ಕೂಡಲೇ ಕರ್ನಾಟಕ ಘಾಟ್. ಮೈಸೂರು ಘಾಟ್ ಅಂತಲೂ ಕರೆಯುತ್ತಾರೆ. ಅದರ ಪಕ್ಕದಲ್ಲೇ ಹರಿಶ್ಚಂದ್ರ ಘಾಟ್. ಬಯಲಾಟದಲ್ಲಿ ಹರಿಶ್ಚಂದ್ರನನ್ನು ನೋಡಿ ಅತ್ತು ಬೆಳೆದ ಅಮ್ಮ ಹೊಗೆ ಕಂಡು ದೋಣಿಯಲ್ಲೇ ಬೆನ್ನು ನೆಟ್ಟಗೆ ಮಾಡಿ ಕೂತಳು. "ಇದೇನಾ ಆ ಸುಡುಗಾಡು?" ಹೌದು ಅಂದೆ. "ಚಂದ್ರಮತಿ ಮಗೂನ ಎತ್ಕೊಂಡು ಇಲ್ಲಿಗೇ ಬಂದಿದ್ದು" ಅಂದಳು, ನಮ್ಮ ಪಕ್ಕದ ಮನೆಯಾಕೆಯ ಸುದ್ದಿ ಹೇಳುವಂತೆ.

ಮುಂದೆ ವಿಜಯನಗರಂ ಘಾಟ್ ಅಂತ ಬರೆದದ್ದು ನೋಡಿ ಹಂಪಿಯವರು ಕಟ್ಟಿಸಿದ್ದು ಅಂದುಕೊಳ್ಳುವ ಕನ್ನಡಿಗರು ತುಂಬ. ಅದು ಆಂಧ್ರದ ವಿಜಯನಗರಂ ಸಂಸ್ಥಾನದ್ದು. ದರ್ಭಂಗ, ಮುನ್ಷಿ, ಅಹಲ್ಯಾಬಾಯಿ ಘಾಟುಗಳ ಅರಮನೆ ಗೋಡೆಗಳು ಸಾಗಿದವು. ದೇಶದ ಎಷ್ಟೊಂದು ಸಂಸ್ಥಾನಗಳು ಇಲ್ಲಿ ಒಂದೊಂದು ತುಂಡು ದಡ ಕಟ್ಟಿಸಿವೆ. ಈ ದಡ ಓದಿದರೆ ಭಾರತದ ಹಳೆಯ ನಕ್ಷೆ ಓದಿದ ಹಾಗೆ.

ಮಣಿಕರ್ಣಿಕೆ ಹತ್ತಿರ ಬಂದಾಗ ಫೋನನ್ನು ಚೀಲಕ್ಕೆ ಹಾಕಿದೆ. ಅಲ್ಲಿ ಚಿತೆಗಳ ಫೋಟೊ ತೆಗೆಯಬಾರದು. ಯಾರೂ ಹೇಳದಿದ್ದರೂ ತೆಗೆಯಬಾರದು. ಸೌದೆಯ ರಾಶಿ, ಬೂದಿ, ನೀರಿನ ಅಂಚಿನಲ್ಲಿ ನಿಂತ ಬೋಳುತಲೆಯ ಮಗ. ಪಕ್ಕದಲ್ಲೇ ವಾಲಿಕೊಂಡಿರುವ ರತ್ನೇಶ್ವರ ಗುಡಿ, ಅದರ ಬುಡ ವರ್ಷದ ಬಹುಭಾಗ ನೀರು ಮಡ್ಡಿಯಲ್ಲೇ. ಅಪ್ಪನ ಅಸ್ಥಿಯನ್ನು ನಾವು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟಿದ್ದೆವು. ಪೂರ್ವಕ್ಕೆ ಹರಿಯುವ ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗುತ್ತಾಳೆ ಅಂತ ಆ ಜಾಗ ಪವಿತ್ರ. ಇಲ್ಲಿ ಗಂಗೆ ಉತ್ತರಕ್ಕೆ, ಹುಟ್ಟಿದ ಹಿಮಾಲಯದ ದಿಕ್ಕಿಗೆ, ತಿರುಗುತ್ತಾಳೆ. ಹೊಳೆ ಹಿಂದಿರುಗಿ ನೋಡುವ ಜಾಗದಲ್ಲೇ ನಾವು ನಮ್ಮವರನ್ನು ಬಿಡುತ್ತೇವೆ. ಇದನ್ನು ನಾನು ದೋಣಿಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ನೀರಿಗೆ ಕೈ ಇಳಿಬಿಟ್ಟು ಬಹಳ ಹೊತ್ತು ಹಾಗೇ ಕೂತಿದ್ದಳು.

ಹಿಂದಿರುಗುವಾಗ ಒಂದು ಘಾಟಿನಲ್ಲಿ ಚಹಾಕ್ಕೆ ಇಳಿದೆವು. ನಾನು ಹಣ ಕೊಡುವಷ್ಟರಲ್ಲಿ ಒಬ್ಬರು ಅಮ್ಮನ ಕೈಗೆ ಹೂವಿಟ್ಟು ಸಂಕಲ್ಪ ಶುರುಮಾಡಿ, ಮುಗಿಸಿ, 2,100 ಕೇಳಿದರು. ಅಮ್ಮನಿಗೆ ಅಪ್ಪನ ಹೆಸರು ಹೇಳಿಸಿಬಿಟ್ಟಿದ್ದರು. ಆ ಹೆಸರಿನ ಮೇಲೆ ಚೌಕಾಸಿ ಮಾಡಲು ನನಗೆ ಮನಸ್ಸು ಬರಲಿಲ್ಲ, ಕೊಟ್ಟೆ. ನೀವು ಹೋದಾಗ ಸಂಕಲ್ಪಕ್ಕೆ ಕೈ ಚಾಚುವ ಮೊದಲೇ ದಕ್ಷಿಣೆ ಎಷ್ಟೆಂದು ಮಾತಾಡಿಕೊಳ್ಳಿ. ಶ್ರಾದ್ಧ ಮಾಡಿಸುವುದಿದ್ದರೆ ನಿಮ್ಮ ಮಠದ ಮೂಲಕ ಊರಿನಲ್ಲೇ ಗೊತ್ತುಮಾಡಿಕೊಂಡು ಬನ್ನಿ.

ಸಂಜೆ ದಶಾಶ್ವಮೇಧದ ಆರತಿಯನ್ನೂ ದೋಣಿಯಿಂದಲೇ ನೋಡಿದೆವು. ದಡದಲ್ಲಿ ಕೂರಲು ಎರಡು ಗಂಟೆ ಮೊದಲೇ ಜಾಗ ಹಿಡಿಯಬೇಕು. ದೋಣಿಯಲ್ಲಿ ಅಮ್ಮ ಕಾಲು ಚಾಚಿ ಕೂತಿದ್ದಳು. ಮುಕ್ಕಾಲು ಗಂಟೆ ಆರತಿ, ಶಂಖ, ಗಂಟೆ, ಧೂಪದ ಮೋಡ. ಚೆಂದವೇ. ಆದರೆ ಬೆಳಗಿನ ಆ ನಿಶ್ಶಬ್ದದ ಮುಂದೆ ನನಗೆ ಅದು ಎರಡನೆಯದು.

ಮೂರನೆಯ ದಿನ, ಸೋಮವಾರ

ಕಾರ್ತಿಕ ಸೋಮವಾರ ವಿಶ್ವನಾಥನ ದರ್ಶನ ಆಗಲೇಬೇಕೆಂದು ಅಮ್ಮನ ಆಸೆ. ಸೋಮವಾರದ ಸಾಲು ಎಲ್ಲಿಗೆ ಮುಟ್ಟುತ್ತದೆ ಅಂತ ನಾವು ಇಳಿದಿದ್ದ ಮನೆಯವರನ್ನು ಕೇಳಿದಾಗ ಅವರೇ ಕೈ ಮುಗಿದರು. ಬೆಳಿಗ್ಗೆ ಕೇದಾರೇಶ್ವರನಿಗೆ ಬಿಲ್ವ ಏರಿಸಿ ಸಮಾಧಾನ ಮಾಡಿಕೊಂಡಳು. ಕಾಶಿಯ ದಕ್ಷಿಣ ಭಾಗವಾದ ಕೇದಾರ ಖಂಡದ ಒಡೆಯನೂ ಶಿವನೇ ಅಲ್ಲವೇ.

ಹಾಗಾಗಿ ಆ ದಿನ ಸಾರನಾಥ. ಊರಿಂದ ಹತ್ತು ಕಿಲೋಮೀಟರ್, ಸಮತಟ್ಟು ಹುಲ್ಲುಹಾಸು, ಮೆಟ್ಟಿಲಿಲ್ಲ. ಮಂಡಿಗೆ ರಜೆ. ಮ್ಯೂಸಿಯಂಗೆ ಶುಕ್ರವಾರ ರಜೆ, ನೆನಪಿಡಿ. ಒಳಗೆ ಕಾಲಿಟ್ಟ ಕೂಡಲೇ ಎದುರಿಗೇ ನಾಲ್ಕು ಸಿಂಹ. 1905ರ ಉತ್ಖನನದಲ್ಲಿ ಸಿಕ್ಕ ಅಶೋಕನ ಕಂಬದ ತಲೆ, ನಮ್ಮ ನೋಟಿನ ಮೇಲಿರುವ ಲಾಂಛನದ ಮೂಲ. ನೋಟಿನಲ್ಲಿ ಕಾಣದ ಹೊಳಪು ಕಲ್ಲಿನಲ್ಲಿದೆ. ಎರಡು ಸಾವಿರ ವರ್ಷ ದಾಟಿದ ನುಣುಪು. ನನಗೆ ಮಸ್ಕಿ ನೆನಪಾಯಿತು. ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಇದ್ದ ರಾಜ ಅಶೋಕನೇ ಎಂದು ಗಟ್ಟಿಯಾದದ್ದು 1915ರಲ್ಲಿ ರಾಯಚೂರು ಸೀಮೆಯ ಆ ಬಂಡೆಯಿಂದ. ಅವನ ಸಿಂಹಗಳು ಇಲ್ಲಿ, ಅವನ ಹೆಸರು ನಮ್ಮಲ್ಲಿ. ಧಮೇಕ ಸ್ತೂಪಕ್ಕೆ ಅಮ್ಮ ಒಂದೇ ಪ್ರದಕ್ಷಿಣೆ ಬಂದಳು, ಸುಮಾರು 28 ಮೀಟರ್ ಅಡ್ಡಗಲದ ಗೋಪುರಕ್ಕೆ ಒಂದೇ ಸಾಕು.

ನಾಲ್ಕನೆಯ ದಿನ, ಮಂಗಳವಾರ

ಮೂರೂವರೆಗೆ ಎದ್ದು ನಾಲ್ಕೂವರೆಗೆ ವಿಶ್ವನಾಥನ ಸಾಲಿನಲ್ಲಿದ್ದೆವು. ಫೋನು, ಚೀಲ, ಯಾವುದನ್ನೂ ಒಳಗೆ ಬಿಡುವುದಿಲ್ಲ. ಮನೆಯಲ್ಲೇ ಬಿಟ್ಟು ಹೋದರೆ ಲಾಕರಿನ ಹುಡುಕಾಟ ತಪ್ಪುತ್ತದೆ. ಬಾಗಿಲ ಬಳಿ ಅಮ್ಮನಿಗೆ ಗಾಲಿಕುರ್ಚಿ ಸಿಕ್ಕಿತು. ಹಿಂದೆ ಈ ಗುಡಿ ಗಲ್ಲಿಗಳ ಹೊಟ್ಟೆಯೊಳಗೆ ಅಡಗಿತ್ತಂತೆ. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ಕಾರಿಡಾರ್ ಗಂಗೆಯಿಂದ ಗುಡಿಯವರೆಗೆ ಬಯಲು ಮಾಡಿದೆ. ನೂರಾರು ಹಳೆಯ ಮನೆಗಳು ಹೋದದ್ದರ ಬಗ್ಗೆ ಊರಿನವರಿಗೆ ಇವತ್ತಿಗೂ ನೋವಿದೆ. ಆದರೆ ಗಾಲಿಕುರ್ಚಿ ತಳ್ಳುತ್ತಿದ್ದ ನನಗೆ ಆ ಸಮತಟ್ಟಾದ ಕಲ್ಲಿನ ಹಾಸಿನ ಬೆಲೆ ಗೊತ್ತಾಯಿತು. ಎರಡೂ ನಿಜ.

ಗುಡಿ ಚಿಕ್ಕದು. ಅಹಲ್ಯಾಬಾಯಿ ಹೋಳ್ಕರ್ 18ನೇ ಶತಮಾನದಲ್ಲಿ ಮತ್ತೆ ಕಟ್ಟಿಸಿದ್ದು, ಚಿನ್ನದ ಹೊದಿಕೆ ರಣಜಿತ್ ಸಿಂಗರದು. ಲಿಂಗದ ಮುಂದೆ ಸಿಕ್ಕದ್ದು ಮೂರೋ ನಾಲ್ಕೋ ಉಸಿರಿನ ಸಮಯ. ಅಮ್ಮ ಹೊರಗೆ ಬಂದು "ಕಂಡ" ಅಂದಳು. ಅನ್ನಪೂರ್ಣೆ, ವಿಶಾಲಾಕ್ಷಿ ಮುಗಿಸಿ ಕಚೋರಿ ಪಲ್ಯ ತಿಂದೆವು. ಚಳಿ ಆಗಷ್ಟೇ ಇಳಿದಿತ್ತು, ಮಣ್ಣಿನ ಕುಡಿಕೆಯಲ್ಲಿ ಮಲೈಯೋ ಸಿಕ್ಕಿತು: ಹಾಲಿನ ನೊರೆ, ಕೇಸರಿ, ಬಾಯಿಗಿಟ್ಟರೆ ಇಲ್ಲವಾಗುತ್ತದೆ. ಇಬ್ಬನಿಯಲ್ಲಿ ಹಾಲಿಟ್ಟು ಕಡೆಯುವುದರಿಂದ ಇದು ಚಳಿಗಾಲಕ್ಕೆ ಮಾತ್ರ.

ಅಲ್ಲಿಂದ ಗೋದೌಲಿಯಾ ಪಕ್ಕದ ಜಂಗಮವಾಡಿ ಮಠಕ್ಕೆ ಹೋದೆವು. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕಾಶಿ ಪೀಠ ಇದು. ನೆಂಟರ ಯಾವ ಪಟ್ಟಿಯಲ್ಲೂ ಇರಲಿಲ್ಲ, ನಾನೇ ಸೇರಿಸಿದ್ದು. ಒಳಗೆ ಹೋಗಿ ನೋಡಿದರೆ ಲಿಂಗಗಳು, ಸಾಲು ಸಾಲು, ಗೋಡೆಗುಂಟ, ಒಂದರ ಮಗ್ಗುಲಲ್ಲಿ ಒಂದು, ಸಾವಿರಾರು. ತೀರಿಕೊಂಡವರ ಹೆಸರಿನಲ್ಲಿ ಮನೆಯವರು ತಂದು ಪ್ರತಿಷ್ಠಾಪಿಸಿದವು. ಅಂಗಳದಲ್ಲಿ ಪಾಠ ಓದುತ್ತಿದ್ದ ಹುಡುಗನೊಬ್ಬ ಅಮ್ಮ ನನ್ನೊಡನೆ ಆಡಿದ ಮಾತು ಕೇಳಿ ಎದ್ದು ಬಂದ.

"ಯಾವೂರ್ರಿ ಅಮ್ಮಾರ?"

"ಅರಸೀಕೆರೆ ಕಣಪ್ಪ. ನಿಂದು?"

"ಕಲಬುರಗಿ ಕಡೀಂವ್ರಿ. ಬಿಸಲಾಗ ಯಾಕ ನಿಂತೀರಿ, ಬರ್ರಿ, ಕೂಡ್ರಿ. ಪ್ರಸಾದ ತಗೊಂಡ ಹೋಗ್ರಿ."

ನಾಲ್ಕು ದಿನದಿಂದ ನನ್ನೊಬ್ಬಳ ಜೊತೆಯೇ ಮಾತಾಡಿದ್ದ ಅಮ್ಮ ಆ ಹುಡುಗನ ಹತ್ತಿರ ಮುಕ್ಕಾಲು ಗಂಟೆ ಕೂತಳು. ಅವನ ತಾಯಿ, ತಂಗಿ, ಮಳೆ, ತೊಗರಿ ಬೆಳೆ, ಎಲ್ಲ ವಿಚಾರಿಸಿದಳು. ಹೊರಡುವಾಗ ಅವಳ ಚೀಲದಲ್ಲಿದ್ದ ಕೋಡುಬಳೆಯ ಡಬ್ಬಿ ಅಲ್ಲೇ ಉಳಿಯಿತು.

ಸಂಜೆ ಪಂಚಗಂಗಾ ಘಾಟು. ಇಲ್ಲಿ ಮೆಟ್ಟಿಲು ವಿಪರೀತ, ಕಡಿದು. ಮೇಲೆ ಔರಂಗಜೇಬನ ಕಾಲದ ಮಸೀದಿ. ದೋಣಿಯಲ್ಲೇ ಬಂದು ಕೆಳಗಿನ ಮೆಟ್ಟಿಲಲ್ಲೇ ಕೂತೆವು. ಕತ್ತಲಲ್ಲಿ ಮಲಗಿದ್ದ ಕಬೀರ ಗುರು ರಾಮಾನಂದರ ಪಾದಕ್ಕೆ ತಾಕಿದ್ದು ಈ ಮೆಟ್ಟಿಲಲ್ಲೇ ಅಂತ ಜನ ಹೇಳುತ್ತಾರೆ. ಕಾರ್ತಿಕದ ಆಕಾಶದೀಪಗಳು ಏರುತ್ತಿದ್ದವು. ಉದ್ದ ಬಿದಿರಿನ ಗಳು, ತುದಿಗೆ ಬೆತ್ತದ ಬುಟ್ಟಿ, ಬುಟ್ಟಿಯೊಳಗೆ ಹಣತೆ, ಹಗ್ಗ ಎಳೆದು ಮೇಲಕ್ಕೆ. ಪಿತೃಗಳಿಗೆ ದಾರಿ ಕಾಣಲಿ ಅಂತ. "ನಮ್ಮ ಗೂಡುದೀಪ!" ಅಂದಳು ಅಮ್ಮ. ಒಂದು ಬುಟ್ಟಿಗೆ ಎಣ್ಣೆ ಹಾಕುವ ಅವಕಾಶ ಅವಳಿಗೂ ಸಿಕ್ಕಿತು.

ಐದನೆಯ ದಿನ, ಬುಧವಾರ

ಬೆಳಿಗ್ಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣವನ್ನು ರಿಕ್ಷಾದಲ್ಲೇ ಸುತ್ತಿದೆವು. 1916ರಲ್ಲಿ ಮದನಮೋಹನ ಮಾಳವೀಯರು ಕಟ್ಟಿದ ಈ ವಿದ್ಯಾಲಯದ ಮೊದಲ ಕುಲಾಧಿಪತಿ (ಚಾನ್ಸಲರ್) ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಸೀರೆಗೆ ಮದನಪುರ. ಒಂದೇ ಮಾತು: ಸೀರೆಯ ಹಿಂಬದಿ ತಿರುಗಿಸಿ ನೋಡಿ. ಒಂದೊಂದು ಬುಟ್ಟಾವನ್ನೂ ಬೇರೆಯಾಗಿ ನೇಯ್ದ ಕಢುವಾದಲ್ಲಿ ಹಿಂದೆ ಕತ್ತರಿಸಿದ ಎಳೆಗಳಿರುವುದಿಲ್ಲ. ಬೆಲೆ ಹೆಚ್ಚು, ಆದರೆ ಒಬ್ಬ ನೇಕಾರನ ವಾರಗಳ ಕೆಲಸ ಅದು, ಒಂದೇ ತೆಗೆದುಕೊಂಡೆವು.

ಉಳಿದದ್ದು ಗಿಂಡಿ. ಮಧ್ಯಾಹ್ನ ಕೇದಾರ ಘಾಟಿನಲ್ಲಿ ಅಮ್ಮ ಕೊನೆಯ ಮೆಟ್ಟಿಲವರೆಗೆ ಇಳಿದಳು, ನನ್ನ ಭುಜ ಹಿಡಿದು, ಒಂದೊಂದಕ್ಕೂ ಎರಡೂ ಕಾಲು ಇಟ್ಟು. ಮೂರು ಮುಳುಗು ಹಾಕಿದಳು. ಗಿಂಡಿಯನ್ನು ಹುಣಸೆಹಣ್ಣಿನಲ್ಲಿ ಬೆಳಗಿಕೊಂಡೇ ತಂದಿದ್ದಳು. ಗಾಳಿಗುಳ್ಳೆ ನಿಲ್ಲುವವರೆಗೆ ನೀರಿನೊಳಗೆ ಹಿಡಿದಳು. ಗಲ್ಲಿಯ ಅಂಗಡಿಯಲ್ಲಿ ಬೆಸುಗೆಯವನು ಹಳೆಯ ಸೀಸ ಕೆರೆದು, ಮುಚ್ಚಳ ಕೂರಿಸಿ, ಎರಡು ನಿಮಿಷದಲ್ಲಿ ಬಾಯಿ ಮುಚ್ಚಿಕೊಟ್ಟ. ಅಂಗಡಿಯಲ್ಲೇ ಸಿದ್ಧವಾಗಿ ಸಿಗುವ ಹತ್ತು ಪುಟ್ಟ ಗಿಂಡಿಗಳನ್ನು ನೆಂಟರಿಗೆಂದು ಕೊಂಡೆವು, ಕಾಲಭೈರವನ ಕಪ್ಪು ದಾರದ ಒಂದು ಕಟ್ಟನ್ನೂ.

ರಾತ್ರಿ ಸಾಮಾನು ಕಟ್ಟುವಾಗ ಗಿಂಡಿಯನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಇಡಲು ಹೊರಟೆ. ಅಮ್ಮ ಕೈಯಿಂದ ಇಸಕೊಂಡಳು. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು.

"ಸದ್ದೇ ಇಲ್ಲ. ತುಂಬಿದೆ" ಅಂದು ನನ್ನ ಕೈಗೆ ಕೊಟ್ಟಳು.